ದುಬೈ ಪ್ರವಾಸಕ್ಕೆ ಪಿಗ್ಮಿ ಹಣ: ನಗದು ಎಷ್ಟು, ಕಾರ್ಡ್ ಯಾವುದು?

ಪ್ರಶ್ನೆ: ನಾನು ಬ್ರಹ್ಮಾವರ ಸಮೀಪದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಪತಿಯದು ಸಣ್ಣ ದಿನಸಿ ಅಂಗಡಿ. ದಸರಾ ರಜೆಯಲ್ಲಿ ನಾವಿಬ್ಬರು ಮತ್ತು ಇಬ್ಬರು ಮಕ್ಕಳು ಏಳು ದಿನ ದುಬೈಗೆ ಹೊರಟಿದ್ದೇವೆ. ವಿದೇಶಕ್ಕೆ ಇದೇ ಮೊದಲು. ಟಿಕೆಟ್, ವೀಸಾ, ಮೂರು ರಾತ್ರಿಯ ಹೋಟೆಲ್ ಸೇರಿ ಪ್ಯಾಕೇಜ್ ಮಾಡಿಸಿದ್ದೇವೆ. ಉಳಿದ ದಿನ ಮೈದುನನ ಮನೆಯಲ್ಲಿರುತ್ತೇವೆ. ಕೈಖರ್ಚಿಗೆ ಪತಿ ಅಂಗಡಿಯಿಂದ ದಿನಕ್ಕೆ 200 ರೂಪಾಯಿಯಂತೆ ಪಿಗ್ಮಿ ಕಟ್ಟಿ ಕೂಡಿಸಿದ 1,20,000 ರೂಪಾಯಿ ಇದೆ. ನಗದು ಎಷ್ಟು ಒಯ್ಯಬೇಕು? ಡಾಲರೋ ದಿರ್ಹಮೋ? ಫಾರೆಕ್ಸ್ ಕಾರ್ಡ್ ಬೇಕೇ, ನಮ್ಮ ಕ್ರೆಡಿಟ್ ಕಾರ್ಡ್ ಸಾಕೇ? ಗೂಗಲ್ ಪೇ ಅಲ್ಲಿ ನಡೆಯುತ್ತದೆಯೇ? ಪ್ಯಾಕೇಜ್ ಬಿಲ್ಲಿನಲ್ಲಿ ಟಿಸಿಎಸ್ ಎಂದು ಹಾಕಿದ್ದಾರೆ, ಅದೇನು? ಮೈದುನ ಹೇಳುವುದೇ ಬೇರೆ: "ಅತ್ತಿಗೆ, ಅಲ್ಲಿ ಯಾಕೆ ಹಣ ಬದಲಿಸುತ್ತೀರಿ? ರೂಪಾಯಿಯನ್ನು ಊರಿನಲ್ಲಿ ಅಮ್ಮನ ಕೈಗೆ ಕೊಡಿ, ದಿರ್ಹಂ ನಾನು ಇಲ್ಲಿ ಕೊಡುತ್ತೇನೆ." ಹೀಗೆ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಿಗ್ಮಿ ಲೆಕ್ಕ. 1928ರಲ್ಲಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಾ ಉಡುಪಿಯಲ್ಲಿ ಶುರುವಾದ ಆ ಪದ್ಧತಿಯ ಮೇಲೆಯೇ ಈ ಕರಾವಳಿಯ ಎಷ್ಟೋ ಮನೆಗಳು ಎದ್ದು ನಿಂತಿವೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬ್ಯಾಂಕಿನಲ್ಲಿದ್ದೆ. ಅದರಲ್ಲಿ ಬಹುಪಾಲು ಮಂಗಳೂರಿನಲ್ಲಿ, ವಿದೇಶಿ ವಿನಿಮಯದ ಮೇಜಿನ ಹಿಂದೆ ಕಳೆಯಿತು. ದಿನಕ್ಕೆ 200 ರೂಪಾಯಿಯಂತೆ 600 ದಿನ ಕೂಡಿಸಿದ ಹಣ ಎಷ್ಟು ಸುಲಭವಾಗಿ ಸೋರಿಹೋಗುತ್ತದೆ ಎಂಬುದನ್ನು ಅಲ್ಲಿಂದ ಕಂಡಿದ್ದೇನೆ. ಹಾಗಾಗಿ ಈ ಉತ್ತರದಲ್ಲಿ ನಷ್ಟವನ್ನೆಲ್ಲ ಪಿಗ್ಮಿಯ ದಿನಗಳಲ್ಲೇ ಎಣಿಸುತ್ತೇನೆ. ಶೇಕಡಾ ಲೆಕ್ಕ ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ, ದಿನಗಳ ಲೆಕ್ಕ ಹಾಗಲ್ಲ.

ಪ್ರವಾಸದಲ್ಲಿ ಹಣ ಕಳೆದುಹೋಗುವುದು ಜೇಬುಗಳ್ಳರಿಂದ ಎಂದು ಎಲ್ಲರೂ ಹೆದರುತ್ತಾರೆ. ನಾನು ಕಂಡಂತೆ ಹೆಚ್ಚು ಹಣ ಹೋಗುವುದು ರೂಪಾಯಿ ಇನ್ನೊಂದು ನಾಣ್ಯವಾಗಿ ಬದಲಾಗುವ ಆ ಒಂದು ಗಳಿಗೆಯಲ್ಲಿ. ಬದಲಾವಣೆ ಎಲ್ಲಿ ಆಗುತ್ತಿದೆ, ಯಾರು ಮಾಡುತ್ತಿದ್ದಾರೆ, ಯಾವ ದರಕ್ಕೆ ಎಂಬ ಮೂರು ಸಂಗತಿ ನಿಮಗೆ ಗೊತ್ತಿದ್ದರೆ ಉಳಿದದ್ದು ಸುಲಭ. ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ ಒಂದು ದಿರ್ಹಂಗೆ 25 ರೂಪಾಯಿ ಎಂದು ಹಿಡಿಯುತ್ತೇನೆ. ನೀವು ಹೊರಡುವ ದಿನದ ದರ ಬೇರೆಯಾಗಿರುತ್ತದೆ.

ಮೈದುನನ ಮಾತಿನಿಂದಲೇ ಆರಂಭಿಸುತ್ತೇನೆ. ಏಕೆಂದರೆ ಉಳಿದ ವಿಷಯಗಳಲ್ಲಿ ತಪ್ಪಿದರೆ ಹೋಗುವುದು ಹಣ ಮಾತ್ರ, ಇದರಲ್ಲಿ ಕಾನೂನಿನ ತೊಡಕೂ ಇದೆ. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಕುಂದಾಪುರದಿಂದ ಉಳ್ಳಾಲದವರೆಗೆ ಮನೆಗೊಬ್ಬರು ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಕಡೆ ಇದು ತಲೆಮಾರುಗಳಿಂದ ನಡೆದುಬಂದ ರೂಢಿ. ಅಲ್ಲಿಯವರಿಗೆ ಊರಿಗೆ ಹಣ ಕಳುಹಿಸಬೇಕು, ಇಲ್ಲಿಂದ ಹೋಗುವವರಿಗೆ ಅಲ್ಲಿ ದಿರ್ಹಂ ಬೇಕು. ಇಬ್ಬರ ಅಗತ್ಯವೂ ತೀರುತ್ತದೆ, ಬ್ಯಾಂಕಿಗೆ ಕಮಿಷನ್ ಕೊಡುವುದು ತಪ್ಪುತ್ತದೆ. ಮನೆಯವರ ನಡುವಿನ ವಿಚಾರ, ಇದರಲ್ಲೇನು ತಪ್ಪು ಎಂದು ಕೌಂಟರಿನಲ್ಲಿ ಎಷ್ಟೋ ಮಂದಿ ನನ್ನನ್ನು ಕೇಳಿದ್ದಾರೆ.

ತಪ್ಪು ಇರುವುದು ಇಲ್ಲಿ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ತನ್ನ ಮೂರನೆಯ ಕಲಮಿನಲ್ಲಿ ವಿದೇಶಿ ಹಣದ ವ್ಯವಹಾರ ಅಧಿಕೃತ ವ್ಯಕ್ತಿ ಅಥವಾ ಸಂಸ್ಥೆಯ ಮೂಲಕವೇ ನಡೆಯಬೇಕು ಎನ್ನುತ್ತದೆ. ವಿದೇಶದಲ್ಲಿ ನೆಲೆಸಿರುವವರ ಪರವಾಗಿ ಇಲ್ಲಿ ರೂಪಾಯಿ ಕೊಟ್ಟು, ಅದಕ್ಕೆ ಬದಲಾಗಿ ಅಲ್ಲಿ ವಿದೇಶಿ ಹಣ ಪಡೆಯುವುದು ಆ ದಾರಿಯನ್ನು ತಪ್ಪಿಸಿದಂತೆ. ಮೊತ್ತ ಚಿಕ್ಕದು, ಕೊಟ್ಟವರು ಸ್ವಂತ ಮೈದುನ ಎಂಬುದು ಕಾಯ್ದೆಯ ಕಣ್ಣಿಗೆ ವ್ಯತ್ಯಾಸವಾಗುವುದಿಲ್ಲ. ಉಲ್ಲಂಘನೆ ಸಾಬೀತಾದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ನಗದು ಬಿಟ್ಟು ಅವರ ಇಲ್ಲಿನ ಖಾತೆಗೆ ಗೂಗಲ್ ಪೇ ಮಾಡಿದರೂ ಒಪ್ಪಂದ ಅದೇ, ತಪ್ಪೂ ಅದೇ.

ಹಾಗೆಂದು ಮೈದುನನ ಮನೆಯಲ್ಲಿ ಅಳುಕಿನಿಂದ ಊಟ ಮಾಡಬೇಕಾಗಿಲ್ಲ. ಅವರ ಮನೆಯಲ್ಲಿ ಉಳಿಯುವುದು, ಅವರ ಕಾರಿನಲ್ಲಿ ಸುತ್ತುವುದು, ಮಕ್ಕಳಿಗೆ ಅವರು ಕೊಡಿಸುವ ಬಟ್ಟೆ ಬರೆ, ಯಾವುದಕ್ಕೂ ಅಡ್ಡಿಯಿಲ್ಲ. ಅದು ಆತಿಥ್ಯ. 'ನೀನು ಅಲ್ಲಿ ಇಷ್ಟು ಕೊಡು, ನಾನು ಇಲ್ಲಿ ಇಷ್ಟು ಕೊಡುತ್ತೇನೆ' ಎಂಬ ಲೆಕ್ಕಾಚಾರ ಬಂದಾಗ ಅದು ವಿನಿಮಯವಾಗುತ್ತದೆ. ಅತ್ತೆಗೆ ಹಣ ತಲುಪಬೇಕಿದ್ದರೆ ಮೈದುನ ಅಲ್ಲಿನ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕ ನೇರವಾಗಿ ಅವರ ಖಾತೆಗೆ ಕಳುಹಿಸಲಿ. ಮೊಬೈಲ್‌ನಲ್ಲೇ ಆಗುವ ಕೆಲಸ ಅದು.

ಈಗ ನಗದು. ದಿರ್ಹಂ ಬೆಲೆಯನ್ನು ಒಂದು ಡಾಲರಿಗೆ 3.6725 ದಿರ್ಹಂ ಎಂದು 1997ರಿಂದ ಕಟ್ಟಿಹಾಕಲಾಗಿದೆ. ಆದ್ದರಿಂದಲೇ 'ಡಾಲರ್ ಒಯ್ದರೂ ಒಂದೇ, ದಿರ್ಹಂ ಒಯ್ದರೂ ಒಂದೇ' ಎನ್ನುವವರಿದ್ದಾರೆ. ಒಂದೇ ಅಲ್ಲ. ರೂಪಾಯಿಯಿಂದ ಡಾಲರಿಗೆ ಒಮ್ಮೆ, ಡಾಲರಿನಿಂದ ದಿರ್ಹಂಗೆ ಇನ್ನೊಮ್ಮೆ, ಎರಡು ಕಡೆ ಅಂಗಡಿಯವರು ತಮ್ಮ ಅಂತರ ಇಟ್ಟುಕೊಳ್ಳುತ್ತಾರೆ. ಅಪರೂಪದ ದೇಶಗಳಿಗೆ ಹೋಗುವಾಗ ಅಲ್ಲಿನ ನೋಟು ಇಲ್ಲಿ ಸಿಗುವುದಿಲ್ಲ, ಆಗ ಡಾಲರ್ ಅನಿವಾರ್ಯ. ಮಂಗಳೂರಿನಲ್ಲಿ ದಿರ್ಹಂಗೆ ಬರವೆಲ್ಲಿದೆ? ನೇರವಾಗಿ ದಿರ್ಹಮೇ ಕೊಳ್ಳಿ. ಒಂದು ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದುಬೈಯಲ್ಲಿ ನಮ್ಮ ರೂಪಾಯಿಯೇ ಓಡಾಡುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಯ ಬಳಕೆಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರತಂದಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಅಲ್ಲಿಯವರು ಅದನ್ನು ಕೈಬಿಟ್ಟರು. ದಿರ್ಹಂ ಬಂದದ್ದು 1973ರಲ್ಲಿ.

ಎಷ್ಟು ನಗದು ಎಂದರೆ, ನಿಮ್ಮ ನಾಲ್ವರಿಗೆ 1,200 ದಿರ್ಹಂ ಸಾಕು. ನಮ್ಮ ಲೆಕ್ಕದಲ್ಲಿ 30,000 ರೂಪಾಯಿ. ದುಬೈಯಲ್ಲಿ ಟ್ಯಾಕ್ಸಿ, ಹೋಟೆಲ್, ಮಾಲ್ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ನಗದು ಬೇಕಾಗುವುದು ಸಣ್ಣ ಕೆಫೆಟೇರಿಯಾದ ಚಹಾಕ್ಕೆ, ದೇರಾದ ಹಳೆಯ ಮಾರುಕಟ್ಟೆಯ ಚೌಕಾಸಿಗೆ, ಖಾಡಿ ದಾಟಿಸುವ ಅಬ್ರಾ ದೋಣಿಗೆ, ಮೆಟ್ರೋದ ನೋಲ್ ಕಾರ್ಡ್‌ಗೆ. ಕೊಳ್ಳುವಾಗ 500ರ, 1,000ದ ನೋಟುಗಳನ್ನೇ ಕೊಟ್ಟರೆ ಬೇಡವೆನ್ನಿ. 10, 20, 50ರ ನೋಟು ಕೇಳಿ ಪಡೆಯಿರಿ. ಬೆಳಗಿನ ಜಾವ ಇಳಿದು ಟ್ಯಾಕ್ಸಿಯವರ ಮುಂದೆ 500ರ ನೋಟು ಹಿಡಿದು ನಿಲ್ಲುವ ಪರದಾಟ ಬೇಡ.

ನಿಯಮದ ಪ್ರಕಾರ ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದಷ್ಟು ವಿದೇಶಿ ನೋಟು ಒಯ್ಯಬಹುದು. ನೀವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ವಿದೇಶಿ ಹಣ ಕೊಳ್ಳಲು ರೂಪಾಯಿಯನ್ನು ನಗದಾಗಿ ಕೊಡುವುದಾದರೆ 50,000ದ ಒಳಗಿರಬೇಕು, ಅದಕ್ಕಿಂತ ಹೆಚ್ಚಾದರೆ ಚೆಕ್ ಅಥವಾ ಖಾತೆಯಿಂದಲೇ ಹೋಗಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಜೊತೆಗಿರಲಿ. ಇವನ್ನು ಯಾವುದನ್ನೂ ಕೇಳದೆ, ಬಿಲ್ ಕೂಡ ಕೊಡದೆ, 'ಹತ್ತು ಪೈಸೆ ಕಡಿಮೆ ಮಾಡುತ್ತೇನೆ' ಎನ್ನುವವರಿಂದ ದೂರವಿರಿ. ನಕಲಿ ನೋಟು ಬಂದರೆ ಕೇಳಲು ನಿಮ್ಮ ಕೈಯಲ್ಲಿ ಕಾಗದವೇ ಇರುವುದಿಲ್ಲ.

ದರ ವಿಚಾರಿಸುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ವಿನಿಮಯ ಅಂಗಡಿಯ ಫಲಕದಲ್ಲಿ ಪ್ರತಿ ನಾಣ್ಯದ ಮುಂದೆ ಎರಡು ಅಂಕಿ ಇರುತ್ತವೆ, ಬೈ ಮತ್ತು ಸೆಲ್. ಅವೆರಡೂ ಅಂಗಡಿಯವರ ಕಡೆಯಿಂದ ಬರೆದವು. ನೀವು ದಿರ್ಹಂ ಕೊಳ್ಳಲು ಹೋದಾಗ ಅವರು ಮಾರುತ್ತಾರೆ, ಆದ್ದರಿಂದ ಸೆಲ್ ಅಂಕಿ ನಿಮ್ಮದು. ಹಿಂದಿರುಗಿ ಬಂದು ಉಳಿದದ್ದನ್ನು ಕೊಡುವಾಗ ಬೈ ಅಂಕಿ ನಿಮ್ಮದು. ಈ ಎರಡರ ನಡುವಿನ ಅಂತರವೇ ಅವರ ಸಂಪಾದನೆ. ಹಾಗಾಗಿ 'ಕಮಿಷನ್ ಇಲ್ಲ' ಎಂಬ ಫಲಕ ಕಂಡು ಸಮಾಧಾನಪಡಬೇಡಿ, ಕಮಿಷನ್ ದರದೊಳಗೇ ಕುಳಿತಿರುತ್ತದೆ. ಫೋನಿನಲ್ಲಿ ದರ ಎಷ್ಟೆಂದು ಮಾತ್ರ ಕೇಳಬೇಡಿ. "1,200 ದಿರ್ಹಂ ಬೇಕು, ತೆರಿಗೆ ಎಲ್ಲ ಸೇರಿ ನಾನು ಎಷ್ಟು ರೂಪಾಯಿ ಕೊಡಬೇಕು?" ಎಂದು ಕೇಳಿ. ಇದೇ ಮಾತನ್ನು ಒಂದೇ ದಿನ, ಒಂದೇ ಗಂಟೆಯೊಳಗೆ ಮೂರು ಕಡೆ ಕೇಳಿ: ನಿಮ್ಮ ಬ್ಯಾಂಕ್ ಶಾಖೆ, ಉಡುಪಿಯ ಒಂದು ಅಧಿಕೃತ ವಿನಿಮಯ ಅಂಗಡಿ, ಮಂಗಳೂರಿನ ಹಂಪನಕಟ್ಟೆ ಕಡೆಯ ಇನ್ನೊಂದು. ಮಲ್ಪೆ ಬಂದರಿನಲ್ಲಿ ಅಂಜಲ್ ಮೀನು ಕೊಳ್ಳುವಾಗ ಯಾರೂ ಮೊದಲ ಬುಟ್ಟಿಗೇ ಹಣ ಎಣಿಸುವುದಿಲ್ಲವಷ್ಟೆ. ಇಲ್ಲೂ ದರ ಕೇಳಿ ಇಳಿಸಿಕೊಳ್ಳಲು ಅವಕಾಶವಿದೆ, ಕೇಳದವರಿಗೆ ಮಾತ್ರ ಫಲಕದ ದರ. ಬಿಲ್ಲಿನಲ್ಲಿ ಜಿಎಸ್‌ಟಿ ಕಂಡರೆ ಗಾಬರಿ ಬೇಡ. ಅದು ಇಡೀ ಮೊತ್ತದ ಮೇಲಲ್ಲ. ಒಂದು ಲಕ್ಷದವರೆಗಿನ ವಿನಿಮಯಕ್ಕೆ ಮೊತ್ತದ ಶೇಕಡಾ 1ರಷ್ಟನ್ನು ಸೇವೆಯ ಬೆಲೆ ಎಂದು ಹಿಡಿದು, ಅದರ ಮೇಲೆ ಶೇಕಡಾ 18. 30,000 ರೂಪಾಯಿಗೆ 54 ರೂಪಾಯಿ ಆಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದ್ದರೆ ಕಾರಣ ಕೇಳಿ.

ಹೊರಡುವ ದಿನ ಬಜ್ಪೆಯ ವಿಮಾನ ನಿಲ್ದಾಣದಲ್ಲೇ ಬದಲಿಸಿದರಾಯಿತು ಎಂದುಕೊಳ್ಳಬೇಡಿ. ಅಲ್ಲಿಗೆ ಬಂದವರಿಗೆ ಬೇರೆ ಅಂಗಡಿಗೆ ಹೋಗುವ ದಾರಿಯಿಲ್ಲ, ದರವೂ ಅದಕ್ಕೆ ತಕ್ಕಂತೆ ಇರುತ್ತದೆ. ಇದು ಜಗತ್ತಿನ ಬಹುತೇಕ ವಿಮಾನ ನಿಲ್ದಾಣಗಳ ಕಥೆ.

ಇನ್ನು ಕಾರ್ಡ್. ನಮ್ಮ ಬ್ಯಾಂಕುಗಳ ಸಾಮಾನ್ಯ ಕ್ರೆಡಿಟ್, ಡೆಬಿಟ್ ಕಾರ್ಡ್‌ಗಳಲ್ಲಿ ವಿದೇಶಿ ವೆಚ್ಚದ ಮೇಲೆ ಮಾರ್ಕಪ್ ಎಂಬ ಶುಲ್ಕವಿದೆ. ಹೆಚ್ಚಿನವುಗಳಲ್ಲಿ ಅದು ಶೇಕಡಾ 3.5, ಅದರ ಮೇಲೆ ಜಿಎಸ್‌ಟಿ. 10,000 ರೂಪಾಯಿ ಖರ್ಚಿಗೆ 350 ರೂಪಾಯಿ ಶುಲ್ಕ, 63 ರೂಪಾಯಿ ತೆರಿಗೆ, ಒಟ್ಟು 413. ನಿಮ್ಮ ಪತಿಯ ಎರಡು ದಿನದ ಪಿಗ್ಮಿ. ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡ್‌ಗಳೂ ಇವೆ. ಅಂಥದ್ದು ನಿಮ್ಮಲ್ಲಿದ್ದರೆ ಫಾರೆಕ್ಸ್ ಕಾರ್ಡ್, ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಟ್ಟುಕೊಳ್ಳುವ ಕಾರ್ಡ್, ಮಾಡಿಸುವ ಅಗತ್ಯವೇ ಇಲ್ಲ. ಕಾರ್ಡ್ ಜೊತೆ ಬಂದ ಶುಲ್ಕಗಳ ಪಟ್ಟಿಯಲ್ಲಿ 'ಫಾರಿನ್ ಕರೆನ್ಸಿ ಮಾರ್ಕಪ್' ಎಂಬ ಸಾಲನ್ನು ಹುಡುಕಿ.

ಇಲ್ಲದಿದ್ದರೆ ಫಾರೆಕ್ಸ್ ಕಾರ್ಡ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 2,500 ದಿರ್ಹಂ ತುಂಬಿಸಿ. ಸಾಮಾನ್ಯ ಕಾರ್ಡಿನಲ್ಲಿ ಈ 62,500 ರೂಪಾಯಿ ಖರ್ಚು ಮಾಡಿದರೆ ಮಾರ್ಕಪ್ ಒಂದೇ 2,581 ರೂಪಾಯಿ, ಹದಿಮೂರು ದಿನದ ಪಿಗ್ಮಿ. ಫಾರೆಕ್ಸ್ ಕಾರ್ಡಿನಲ್ಲಿ ಬದಲಾವಣೆ ಇಲ್ಲೇ, ನಿಮ್ಮ ಕಣ್ಣೆದುರೇ, ತುಂಬಿಸುವ ದಿನದ ದರದಲ್ಲಿ ಮುಗಿದುಹೋಗುತ್ತದೆ. ಆಮೇಲೆ ರೂಪಾಯಿ ಇಳಿದರೂ ನಿಮಗೆ ಚಿಂತೆಯಿಲ್ಲ. ಆದರೆ ಎರಡು ಎಚ್ಚರ. ಕಾರ್ಡ್ ಕೊಡುವ ಶುಲ್ಕ, ತುಂಬಿಸುವ ಶುಲ್ಕ, ಎಟಿಎಂ ಶುಲ್ಕಗಳನ್ನು ಮೊದಲೇ ಬರೆಸಿಕೊಳ್ಳಿ. ಎರಡನೆಯದು ಇನ್ನೂ ಮುಖ್ಯ: ಹಲವು ನಾಣ್ಯಗಳ ಕಾರ್ಡಿನಲ್ಲಿ ಡಾಲರ್ ತುಂಬಿಸಿಕೊಟ್ಟು 'ಎಲ್ಲ ಕಡೆ ನಡೆಯುತ್ತದೆ' ಎನ್ನುತ್ತಾರೆ. ನಡೆಯುತ್ತದೆ ನಿಜ, ದಿರ್ಹಂ ಇಲ್ಲದಾಗ ಡಾಲರಿನಿಂದ ಮುರಿದುಕೊಂಡು ಅದಕ್ಕೆ ಬೇರೆ ಶುಲ್ಕ ಹಾಕಿಯೇ ನಡೆಯುತ್ತದೆ. ದಿರ್ಹಂ ವಾಲೆಟ್‌ಗೇ ತುಂಬಿಸಿ ಎಂದು ಬಾಯಿಬಿಟ್ಟು ಹೇಳಿ, ರಸೀದಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ಕ್ರೆಡಿಟ್ ಕಾರ್ಡ್ ಮನೆಯಲ್ಲಿ ಬಿಟ್ಟುಹೋಗಬೇಡಿ. ಹೋಟೆಲ್‌ಗೆ ಕಾಲಿಟ್ಟೊಡನೆ ಠೇವಣಿಯೆಂದು ನೂರಾರು ದಿರ್ಹಂ ತಡೆಹಿಡಿಯುತ್ತಾರೆ. ಫಾರೆಕ್ಸ್ ಅಥವಾ ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ನಿಜವಾದ ಹಣವೇ ಸಿಲುಕಿಕೊಂಡು, ಬಿಡುಗಡೆಯಾಗುವ ಹೊತ್ತಿಗೆ ನೀವು ಊರು ಸೇರಿರುತ್ತೀರಿ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಸಾಲದ ಮಿತಿ ಮಾತ್ರ ಅಷ್ಟು ಕಡಿಮೆಯಾಗುತ್ತದೆ. ಪ್ಯಾಕೇಜ್‌ನಲ್ಲಿ ಸೇರದ ಇನ್ನೊಂದು ಖರ್ಚು ಅಲ್ಲೇ ಎದುರಾಗಬಹುದು. ಅದನ್ನು ಟೂರಿಸಂ ದಿರ್ಹಂ ಎನ್ನುತ್ತಾರೆ. ಹೋಟೆಲ್ ದರ್ಜೆಗೆ ತಕ್ಕಂತೆ ಒಂದು ಕೋಣೆಗೆ ಒಂದು ರಾತ್ರಿಗೆ 7ರಿಂದ 20 ದಿರ್ಹಂ. ಕೇಳಿದಾಗ ಮೋಸವೆಂದು ಜಗಳಕ್ಕೆ ನಿಲ್ಲಬೇಡಿ, ಅದು ಸರ್ಕಾರದ ಶುಲ್ಕ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ಹಾಕಬೇಡಿ. ನಗದು ಪಡೆದ ಶುಲ್ಕ, ಮಾರ್ಕಪ್, ಅಲ್ಲಿನ ಎಟಿಎಂ ಶುಲ್ಕ, ಮೊದಲ ದಿನದಿಂದಲೇ ಬಡ್ಡಿ, ಎಲ್ಲ ಒಟ್ಟಿಗೆ ಬೀಳುತ್ತವೆ.

ಯಾವ ಕಾರ್ಡ್ ಇದ್ದರೂ ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಅದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ದುಬೈಗೆ ಹೋಗಿದ್ದೆವು. ಬಟ್ಟೆ ಅಂಗಡಿಯೊಂದರಲ್ಲಿ 318 ದಿರ್ಹಂ ಬಿಲ್ ಆಯಿತು. ಹುಡುಗ ಕಾರ್ಡ್ ಯಂತ್ರವನ್ನು ನನ್ನ ಕಡೆ ತಿರುಗಿಸಿದ. ಪರದೆಯ ಮೇಲೆ ಎರಡು ಸಾಲು. ಒಂದರಲ್ಲಿ ದಿರ್ಹಂ, ಇನ್ನೊಂದರಲ್ಲಿ ರೂಪಾಯಿ. "ಸರ್, ರೂಪಾಯಿ ಒತ್ತಿ, ನಿಮಗೆ ಲೆಕ್ಕ ಸುಲಭ" ಎಂದು ಮಲಯಾಳ ಬೆರೆತ ಹಿಂದಿಯಲ್ಲಿ ನಯವಾಗಿಯೇ ಹೇಳಿದ. ನಾನು ದಿರ್ಹಂ ಒತ್ತಿದೆ. ಅಲ್ಲಿ ಉಳಿಸಿಕೊಂಡೆ. ಆದರೆ ಹೊರಡುವ ದಿನ ಬೆಳಗಿನ ಜಾವ ಮೂರು ಗಂಟೆಗೆ, ಹೊರಗೆ ಟ್ಯಾಕ್ಸಿ ನಿಂತಿರುವಾಗ, ಹೋಟೆಲ್‌ನ ಬಾಕಿ ಕಟ್ಟಿದೆ. ಸ್ವಾಗತದ ಮೇಜಿನವರು ನನ್ನನ್ನು ಕೇಳದೆ ತಾವೇ ರೂಪಾಯಿ ಆರಿಸಿದ್ದರು. ನಾನು ಚೀಟಿ ಓದದೆ ಸಹಿ ಹಾಕಿದೆ. ಉಡುಪಿಗೆ ಬಂದು ಚೀಲ ಬಿಚ್ಚಿದಾಗ ಆ ಚೀಟಿ ಸಿಕ್ಕಿತು. ಮೊತ್ತ ರೂಪಾಯಿಯಲ್ಲಿತ್ತು. ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ಈ ನಾಣ್ಯವನ್ನು ನಾನೇ ಆರಿಸಿಕೊಂಡಿದ್ದೇನೆ ಎಂಬ ಒಕ್ಕಣೆಯಿತ್ತು, ಅದರ ಕೆಳಗೆ ನನ್ನ ಸಹಿ. ಆ ದಿನದ ದರದಲ್ಲಿ ಲೆಕ್ಕ ಹಾಕಿದರೆ ಸುಮಾರು 1,900 ರೂಪಾಯಿ ಹೆಚ್ಚು ಹೋಗಿತ್ತು. ನಿಮ್ಮ ಲೆಕ್ಕದಲ್ಲಿ ಒಂಬತ್ತೂವರೆ ದಿನ.

ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎಂದು ಹೆಸರು, ಬ್ಯಾಂಕಿನವರು ಡಿಸಿಸಿ ಎನ್ನುತ್ತಾರೆ. ಕಾನೂನಿಗೆ ವಿರುದ್ಧವಲ್ಲ. ಬದಲಾವಣೆಯನ್ನು ನಿಮ್ಮ ಬ್ಯಾಂಕಿನ ಬದಲು ಅಂಗಡಿಯ ಕಡೆಯವರು ತಮಗೆ ಬೇಕಾದ ದರದಲ್ಲಿ ಮಾಡಿಬಿಡುತ್ತಾರೆ, ಅಷ್ಟೇ. 400 ದಿರ್ಹಂ ಬಿಲ್ಲು 10,000 ರೂಪಾಯಿ ಆಗಬೇಕಾದಲ್ಲಿ ಅವರು 26.50ರ ದರ ಹಿಡಿದರೆ 10,600 ಆಗುತ್ತದೆ. ಮೇಲಾಗಿ, ರೂಪಾಯಿಯಲ್ಲೇ ಕೊಟ್ಟಿದ್ದರೂ ವಿದೇಶಿ ಅಂಗಡಿ ಎಂಬ ಕಾರಣಕ್ಕೆ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಸೇರಿಸುತ್ತವೆ. ಫಾರೆಕ್ಸ್ ಕಾರ್ಡಿನಲ್ಲಿ ಇದು ಇನ್ನೂ ಕೆಟ್ಟದು. ನೀವು ಕಷ್ಟಪಟ್ಟು ದಿರ್ಹಂ ತುಂಬಿಸಿರುತ್ತೀರಿ, ಅವರು ರೂಪಾಯಿ ಕೇಳುತ್ತಾರೆ, ದಿರ್ಹಂ ಮತ್ತೆ ಮುರಿಯುತ್ತದೆ. ಹಾಗಾಗಿ ಯಂತ್ರ ಯಾವುದೇ ಇರಲಿ, ದಿರ್ಹಂ ಎಂಬುದನ್ನೇ ಒತ್ತಿ. ಎಟಿಎಂನಲ್ಲಿ ಇದೇ ಪ್ರಶ್ನೆ 'ಪರಿವರ್ತನೆಗೆ ಒಪ್ಪಿಗೆಯೇ' ಎಂಬ ರೂಪದಲ್ಲಿ ಬರುತ್ತದೆ. ಒಪ್ಪಿಗೆಯಿಲ್ಲ ಎಂದು ಒತ್ತಿದರೂ ಹಣ ಬರುತ್ತದೆ, ಭಯ ಬೇಡ. ಚೀಟಿಯಲ್ಲಿ ರೂಪಾಯಿ ಕಂಡರೆ ಸಹಿ ಹಾಕುವ ಮೊದಲೇ ರದ್ದು ಮಾಡಿಸಿ ಮತ್ತೆ ಮಾಡಿಸಿ. ಹಿಂದೆ ಸಾಲು ಬೆಳೆದರೂ ಸಂಕೋಚಪಡಬೇಡಿ.

ಹೊರಡುವ ಒಂದು ವಾರ ಮೊದಲು ಬ್ಯಾಂಕಿನ ಆ್ಯಪ್ ತೆರೆದು ವಿದೇಶಿ ವ್ಯವಹಾರದ ಸ್ವಿಚ್ ಹಾಕಿ. ರಿಸರ್ವ್ ಬ್ಯಾಂಕಿನ 2020ರ ಆದೇಶದ ನಂತರ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ, ಉಳಿದದ್ದನ್ನು ನಾವೇ ತೆರೆಯಬೇಕು. ಮಿತಿಯನ್ನೂ ನಾವೇ ಇಡಬಹುದು. ದಿನಕ್ಕೆ 20,000 ಸಾಕಾದರೆ ಅಷ್ಟೇ ಇಡಿ. ಆನ್‌ಲೈನ್ ವಿದೇಶಿ ಬಳಕೆಯ ಸ್ವಿಚ್ ಮುಚ್ಚಿರಲಿ, ಏಕೆಂದರೆ ವಿದೇಶಿ ಜಾಲತಾಣಗಳಲ್ಲಿ ಒಟಿಪಿ ಇಲ್ಲದೆಯೇ ಹಣ ಕಡಿತವಾಗಬಹುದು. ಕೆಲವು ರುಪೇ ಡೆಬಿಟ್ ಕಾರ್ಡ್‌ಗಳು ದೇಶದೊಳಗೆ ಮಾತ್ರ ನಡೆಯುವಂಥವು, ನಿಮ್ಮದು ಯಾವುದೆಂದು ಶಾಖೆಯಲ್ಲಿ ಕೇಳಿಕೊಳ್ಳಿ. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಅಲ್ಲಿ ಹೊಸ ಸಿಮ್ ಕೊಂಡರೂ ಊರಿನ ಸಿಮ್ ಕಳಚಿಡಬೇಡಿ.

ಕಾರ್ಡ್‌ಗಳನ್ನು ಒಂದೇ ಪರ್ಸಿನಲ್ಲಿ ಇಡಬೇಡಿ. ಫಾರೆಕ್ಸ್ ಕಾರ್ಡ್ ನಿಮ್ಮ ಬಳಿ, ಕ್ರೆಡಿಟ್ ಕಾರ್ಡ್ ಪತಿಯ ಬಳಿ, ನಗದಿನ ಅರ್ಧ ಮನೆಯ ಅಥವಾ ಹೋಟೆಲ್ ಕೋಣೆಯ ಪೆಟ್ಟಿಗೆಯಲ್ಲಿ. ಬ್ಯಾಂಕಿನ ಸಹಾಯವಾಣಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. 1800ರಿಂದ ಶುರುವಾಗುವ ಉಚಿತ ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ, 91 ಸೇರಿಸಿ ಕರೆಯುವ ಸಂಖ್ಯೆ ಬೇಕು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟ ನಿಮ್ಮ ಮೇಲೆ ಬರುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. 'ಊರಿಗೆ ಹೋಗಿ ನೋಡೋಣ' ಎಂದು ಕುಳಿತರೆ ಆ ಮೂರು ದಿನ ಅಲ್ಲೇ ಕಳೆಯುತ್ತದೆ.

ಗೂಗಲ್ ಪೇ ವಿಷಯ ಚಿಕ್ಕದು. ಯುಪಿಐ ಯುಎಇಯ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಎಲ್ಲ ಕಡೆ ಅಲ್ಲ. ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಎಂಬುದನ್ನು ಮೊದಲು ತೆರೆಯಬೇಕು. ಪಾವತಿಗೆ ಮುನ್ನ ರೂಪಾಯಿ ಮೊತ್ತ ತೋರಿಸುತ್ತದೆ, ದಿರ್ಹಂ ಮೊತ್ತದಿಂದ ಭಾಗಿಸಿ ದರ ನೋಡಿ. ಸಿಕ್ಕಲ್ಲಿ ಬಳಸಿ, ಅದನ್ನೇ ನಂಬಿಕೊಂಡು ಹೋಗಬೇಡಿ.

ಟಿಸಿಎಸ್ ಎಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಅದನ್ನು ಮೊದಲ ರೂಪಾಯಿಯಿಂದಲೇ ಸಂಗ್ರಹಿಸಬೇಕು. ಅದು ಖರ್ಚಾಗಿ ಹೋದ ಹಣವಲ್ಲ, ನಿಮ್ಮ ಪ್ಯಾನ್‌ಗೆ ಜಮೆಯಾಗಿ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವ ಅಥವಾ ಮರಳಿ ಬರುವ ಹಣ. ಆದ್ದರಿಂದ ಬಿಲ್ ಯಾರ ಪ್ಯಾನ್‌ನಲ್ಲಿದೆ ಎಂಬುದು ಮುಖ್ಯ. ಪ್ರತಿ ವರ್ಷ ರಿಟರ್ನ್ ಸಲ್ಲಿಸುವವರ ಹೆಸರಿನಲ್ಲೇ ಇರಲಿ. ನಿಮ್ಮ ಹೆಸರಿನಲ್ಲಿದ್ದರೆ ಶಾಲೆಗೆ ತಿಳಿಸಿ ಸಂಬಳದ ಟಿಡಿಎಸ್‌ನಲ್ಲಿ ಹೊಂದಿಸಿಕೊಳ್ಳಲು 2024ರ ಅಕ್ಟೋಬರ್‌ನಿಂದ ಅವಕಾಶವಿದೆ. ನಗದು ಮತ್ತು ಫಾರೆಕ್ಸ್ ಕಾರ್ಡ್‌ಗೆ ಈ ಚಿಂತೆ ಬೇಡ. ಅಲ್ಲಿ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದರೆ ಮಾತ್ರ ಟಿಸಿಎಸ್.

ನೀವು ಕೇಳಿಲ್ಲ, ಆದರೂ ಹೇಳಬೇಕು. ದೇರಾದ ಚಿನ್ನದ ಮಾರುಕಟ್ಟೆಗೆ ಹೋಗದೆ ನಮ್ಮ ಕಡೆಯ ಯಾರೂ ದುಬೈಯಿಂದ ಹಿಂದಿರುಗುವುದಿಲ್ಲ. ಸುಂಕವಿಲ್ಲದೆ ಆಭರಣ ತರುವ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿದ್ದವರಿಗೆ. ಅದು ನಿಮ್ಮ ಮೈದುನನಂಥವರಿಗೆ ಸಿಗುತ್ತದೆ, ವಾರದ ಪ್ರವಾಸಕ್ಕೆ ಹೋದ ನಿಮಗಲ್ಲ. ಇಲ್ಲಿಂದ ಧರಿಸಿಹೋಗುವ ಬೆಲೆಬಾಳುವ ಸರಗಳಿದ್ದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ, ಬರುವಾಗ ವಾದ ಬೇಡ. ಅಲ್ಲಿ ಚಿನ್ನ ಕೊಂಡು ಸಾಮಾನ್ಯ ಕಾರ್ಡಿನಲ್ಲಿ ಹಣ ಕೊಟ್ಟರೆ ಮಾರ್ಕಪ್, ಮಜೂರಿ, ಸುಂಕ ಸೇರಿ ಅಗ್ಗವೆಂದುಕೊಂಡದ್ದು ಅಗ್ಗವಾಗಿ ಉಳಿಯುವುದಿಲ್ಲ.

ಬೇರೆ ವಸ್ತು ಕೊಂಡರೆ ವ್ಯಾಟ್ ಮರಳಿ ಪಡೆಯುವುದನ್ನು ಮರೆಯಬೇಡಿ. ಅಲ್ಲಿ 2018ರಿಂದ ಶೇಕಡಾ 5 ವ್ಯಾಟ್ ಇದೆ. ಈ ಯೋಜನೆಗೆ ಸೇರಿದ ಅಂಗಡಿಯಲ್ಲಿ 250 ದಿರ್ಹಂಗಿಂತ ಕಡಿಮೆಯಿಲ್ಲದ ಖರೀದಿಗೆ, ಬಿಲ್ ಹಾಕಿಸುವಾಗಲೇ ಪಾಸ್‌ಪೋರ್ಟ್ ತೋರಿಸಿ ಹೇಳಬೇಕು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮೊದಲೇ ಆ ಯಂತ್ರದ ಬಳಿ ಹೋಗಿ, ಕೊಂಡ ವಸ್ತು ಕೈಯಲ್ಲಿರಲಿ. ತೆರಿಗೆಯ ಶೇಕಡಾ 85ರಷ್ಟು, ಸಣ್ಣ ಶುಲ್ಕ ಕಳೆದು ಬರುತ್ತದೆ. ದಿರ್ಹಂನಲ್ಲೇ ಪಡೆದು ನಿಲ್ದಾಣದ ಊಟಕ್ಕೆ ಬಳಸಿದರೆ ಇನ್ನೊಂದು ಬದಲಾವಣೆ ತಪ್ಪುತ್ತದೆ.

ಹಿಂದಿರುಗಿದ ಮೇಲೆ ಮೊದಲು ಕಾರ್ಡಿನ ವಿದೇಶಿ ಸ್ವಿಚ್ ಮುಚ್ಚಿ. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ಮರಳಿ ಪಡೆಯಿರಿ, ಬಳಸದೆ ಬಿಟ್ಟ ಕಾರ್ಡಿಗೆ ಕೆಲವರು ಶುಲ್ಕ ಹಾಕುತ್ತಾರೆ. ಚೀಟಿಗಳನ್ನು ಎರಡು ತಿಂಗಳ ಸ್ಟೇಟ್‌ಮೆಂಟ್ ಬರುವವರೆಗೆ ಇಟ್ಟುಕೊಂಡು ತಾಳೆ ನೋಡಿ. ಉಳಿದ ನೋಟುಗಳು 2,000 ಡಾಲರ್ ಮೌಲ್ಯದೊಳಗಿದ್ದರೆ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು, ಹೆಚ್ಚಿದ್ದರೆ 180 ದಿನಗಳೊಳಗೆ ಒಪ್ಪಿಸಬೇಕು. ಇಲ್ಲಿನ ವಿನಿಮಯ ಅಂಗಡಿಯವರು ಸಾಮಾನ್ಯವಾಗಿ ನಾಣ್ಯ ಕೊಳ್ಳುವುದಿಲ್ಲ, ಆದರೆ ನಾಣ್ಯ ಇಟ್ಟುಕೊಳ್ಳಲು ಮಿತಿಯೂ ಇಲ್ಲ. ಒಂದು ದಿರ್ಹಂ ನಾಣ್ಯದ ಮೇಲೆ ದಲ್ಲಾ ಎಂಬ ಅರಬ್ಬರ ಕಾಫಿ ಕೂಜ ಅಚ್ಚಾಗಿದೆ, ಮಕ್ಕಳಿಬ್ಬರಿಗೂ ಒಂದೊಂದು ಕೊಡಿ. ಬಜ್ಪೆಯಿಂದ ಬ್ರಹ್ಮಾವರಕ್ಕೆ ಟ್ಯಾಕ್ಸಿ ಬಾಡಿಗೆಗೆಂದು ಎರಡು ಮೂರು ಸಾವಿರ ರೂಪಾಯಿಯನ್ನು ಹೋಗುವಾಗಲೇ ಬೇರೆ ಲಕೋಟೆಯಲ್ಲಿ ಎತ್ತಿಡಿ. ಒಬ್ಬೊಬ್ಬರು 25,000 ರೂಪಾಯಿವರೆಗೆ ಜೊತೆಗೆ ಒಯ್ದು ತರಬಹುದು.